ಆರ್‌ನಲ್ಲಿ ಮಾಡಿದ ಟೇಬಲ್ ವರ್ಡ್‌ಪ್ರೆಸ್ ಪುಟಕ್ಕೆ ಹೋದ ಮೇಲೆ ಅಂದ ಕೆಡುತ್ತಿದೆ: ಪಟ್ಟೆ ಇಲ್ಲ, ಲಕ್ಷದ ಕಾಮಾ ಇಲ್ಲ

ಮದ್ದೂರು_ಅಂಕಿ:

ಎರಡು ಟೇಬಲ್‌ಗಳಿವೆ. ಒಂದರಲ್ಲಿ ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಕಬ್ಬು, ಭತ್ತ, ರಾಗಿ ಅಂಕಿಗಳು. ಇನ್ನೊಂದರಲ್ಲಿ ಕೆಆರ್‌ಎಸ್ ನೀರಿನ ಮಟ್ಟ, ಅಡಿಗಳಲ್ಲಿ. ವಿಂಡೋಸ್ 10, ಆರ್ (ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) 4.3, ಟೇಬಲ್ ಮಾಡಲು ‘ಕೇಬಲ್’ ಜೊತೆಗೆ ಅದಕ್ಕೆ ಅಂದ ಕೊಡುವ ‘ಕೇಬಲ್‌ಎಕ್ಸ್‌ಟ್ರಾ’ ಪ್ಯಾಕೇಜ್. ಆರ್ ಮಾರ್ಕ್‌ಡೌನ್‌ನಿಂದ (ಆರ್ ಕೋಡ್‌ನಿಂದ ವರದಿ ಮಾಡುವ ಸಾಧನ) ಬರುವ ಎಚ್‌ಟಿಎಂಎಲ್ ಕಡತದಲ್ಲಿ ಬಹುಪಾಲು ಚೆನ್ನಾಗಿದೆ. ಅದೇ ಟೇಬಲ್‌ನ ಎಚ್‌ಟಿಎಂಎಲ್ ಅನ್ನು ವರ್ಡ್‌ಪ್ರೆಸ್ ಪುಟದಲ್ಲಿ ಅಂಟಿಸಿದರೆ:

– ಸಾಲು ಬಿಟ್ಟು ಸಾಲಿಗೆ ಬರುತ್ತಿದ್ದ ಬೂದು ಪಟ್ಟೆ ಮಾಯ.
– 12,34,567 ಬೇಕಾದ ಕಡೆ 1,234,567. ಇದು ಮೂಲ ಕಡತದಲ್ಲೂ ಹಾಗೇ ಇದೆ.
– ಮಟ್ಟದ ಕಾಲಂನಲ್ಲಿ 124.80 ಅನ್ನುವುದು ಕೆಲವು ವಾರ 124.8 ಆಗುತ್ತೆ, ಕೆಲವು ವಾರ ಸರಿ ಇರುತ್ತೆ.
– ಮಳವಳ್ಳಿ, ಕೃಷ್ಣರಾಜಪೇಟೆಯ ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗುತ್ತವೆ.

ಒಂದೊಂದಕ್ಕೂ ಕೈಯಾರೆ ಸಿಎಸ್‌ಎಸ್ (ಪುಟದ ನೋಟ ಹೇಳುವ ನಿಯಮಗಳು) ಬರೆಯಬೇಕಾ, ಇಲ್ಲ ಬೇರೆ ದಾರಿ ಇದೆಯಾ?

ಸರಸ್ವತಿಪುರಂ_ಆರ್:

ಪಟ್ಟೆ ಹೋಗುವುದಕ್ಕೆ ಕಾರಣ ಸರಳ. ಕೇಬಲ್‌ಎಕ್ಸ್‌ಟ್ರಾದ ‘ಕೇಬಲ್_ಸ್ಟೈಲಿಂಗ್’ ಬಣ್ಣವನ್ನೇ ಬರೆಯುವುದಿಲ್ಲ, ‘ಟೇಬಲ್-ಸ್ಟ್ರೈಪ್ಡ್’ ಅಂತ ಒಂದು ಕ್ಲಾಸ್ ಹೆಸರು ಹಚ್ಚುತ್ತೆ, ಅಷ್ಟೇ. ಆ ಹೆಸರಿಗೆ ಅರ್ಥ ಕೊಡುವುದು ಬೂಟ್‌ಸ್ಟ್ರಾಪ್ ಅನ್ನೋ ಸಿದ್ಧ ಸಿಎಸ್‌ಎಸ್ ಸಂಗ್ರಹ. ಆರ್ ಮಾರ್ಕ್‌ಡೌನ್ ತನ್ನ ಕಡತದೊಳಗೆ ಬೂಟ್‌ಸ್ಟ್ರಾಪ್ 3 ಸೇರಿಸಿ ಕೊಡುತ್ತೆ. ನಿಮ್ಮ ವರ್ಡ್‌ಪ್ರೆಸ್ ಥೀಮ್‌ನಲ್ಲಿ ಅದು ಇಲ್ಲದಿದ್ದರೆ ಹೆಸರು ಉಳಿಯುತ್ತೆ, ಬಣ್ಣ ಉಳಿಯಲ್ಲ. ನಾಳೆ ಆರ್ ಮಾರ್ಕ್‌ಡೌನ್‌ನ ಮುಂದಿನ ಪೀಳಿಗೆಯಾದ ಕ್ವಾರ್ಟೊಗೆ ಹೋದರೂ ಇದೇ ರಗಳೆಯ ಇನ್ನೊಂದು ರೂಪ ಕಾದಿದೆ: ಅಲ್ಲಿರುವುದು ಬೂಟ್‌ಸ್ಟ್ರಾಪ್ 5, ಹಳೆಯ ‘ಟೇಬಲ್-ಕಂಡೆನ್ಸ್ಡ್’ ಹೆಸರು ಅದಕ್ಕೆ ಗೊತ್ತಿಲ್ಲ. ‘ಕೇಬಲ್_ಕ್ಲಾಸಿಕ್’, ‘ಕೇಬಲ್_ಪೇಪರ್’ ಹಾಕಿದರೆ ಬೂಟ್‌ಸ್ಟ್ರಾಪ್ ಬೇಡ, ನಿಜ. ಆದರೆ ಅವುಗಳ ಸಿಎಸ್‌ಎಸ್ ಕೂಡ ಬೇರೆ ಕಡತದಲ್ಲೇ ಇರೋದು, ಅಂಟಿಸುವಾಗ ಹಿಂದೆಯೇ ಉಳಿದುಬಿಡುತ್ತೆ.

ಟೇಬಲ್ ಕೊನೆಗೆ ಎಲ್ಲಿ ಕೂರುತ್ತೆ ಅನ್ನೋದರ ಮೇಲೆ ಪ್ಯಾಕೇಜ್ ಆರಿಸಿ. ನಿಮ್ಮದೇ ಕಡತದೊಳಗೆ ಇರುವುದಾದರೆ ಕೇಬಲ್‌ಎಕ್ಸ್‌ಟ್ರಾ ಸಾಕು. ಬೇರೆಯವರ ಪುಟದಲ್ಲೋ ಇಮೇಲ್‌ನಲ್ಲೋ ಕೂರಬೇಕಾದರೆ ಟೇಬಲ್ ಮಾಡುವ ಇನ್ನೊಂದು ಆರ್ ಪ್ಯಾಕೇಜ್ ‘ಜಿಟಿ’ಗೆ ಬನ್ನಿ. ಅದರ ‘ಆ್ಯಸ್_ರಾ_ಎಚ್‌ಟಿಎಂಎಲ್’ಗೆ ‘ಇನ್‌ಲೈನ್_ಸಿಎಸ್‌ಎಸ್’ ಟ್ರೂ ಕೊಟ್ಟರೆ ಪ್ರತಿ ಸೆಲ್‌ನೊಳಗೇ ಅದರ ಸ್ಟೈಲ್ ಬರೆದುಕೊಡುತ್ತೆ. ಪಟ್ಟೆಗೆ ಅದಕ್ಕೂ ಮೊದಲು ‘ಆಪ್ಟ್_ರೋ_ಸ್ಟ್ರೈಪಿಂಗ್’.

ಬಂದ ಎಚ್‌ಟಿಎಂಎಲ್ ಅನ್ನು ‘ರೈಟ್‌ಲೈನ್ಸ್’ನಿಂದ ಕಡತಕ್ಕೆ ಬರೆದು, ನೋಟ್‌ಪ್ಯಾಡ್‌ನಲ್ಲಿ ತೆರೆದು, ಪೂರ್ತಿ ನಕಲು ಮಾಡಿ ವರ್ಡ್‌ಪ್ರೆಸ್‌ನ ‘ಕಸ್ಟಮ್ ಎಚ್‌ಟಿಎಂಎಲ್’ ಬ್ಲಾಕ್‌ಗೆ ಹಾಕಿ. ಆರ್‌ಸ್ಟುಡಿಯೊದ ವ್ಯೂವರ್ ಕಿಟಕಿಯಿಂದ ಮೌಸ್‌ನಲ್ಲಿ ಎಳೆದು ನಕಲು ಮಾಡಬೇಡಿ.

ಹೀಗೆ ಇನ್‌ಲೈನ್ (ಸೆಲ್‌ನೊಳಗೇ ಸ್ಟೈಲ್) ಮಾಡಿದ ಮೇಲೆ ಮೌಸ್ ಇಟ್ಟಾಗ ಬಣ್ಣ ಬದಲಾಗುವುದು, ಪರದೆ ಅಗಲಕ್ಕೆ ತಕ್ಕ ಬೇರೆ ನಿಯಮ, ಇವು ಕೆಲಸ ಮಾಡುತ್ತವೆ ಅಂತ ನೆಚ್ಚಿಕೊಳ್ಳಬೇಡಿ. ಅವನ್ನು ಸೆಲ್‌ನೊಳಗೆ ಬರೆಯಲು ಬರುವುದೇ ಇಲ್ಲ.

ಕಾವೇರಿ_ಕಾಲಂ:

ಅಂಕಿಗಳ ವಿಷಯ ನಾನು ಹೇಳ್ತೀನಿ.

ಆರ್‌ನಲ್ಲಿ ಕಾಮಾಕ್ಕೆ ಇರುವ ‘ಬಿಗ್.ಮಾರ್ಕ್’ ಮೂರು ಮೂರು ಅಂಕಿಗೇ ಕಾಮಾ ಹಾಕೋದು. ಮೊದಲು ಮೂರು, ಆಮೇಲೆ ಎರಡೆರಡು ಅನ್ನೋ ನಮ್ಮ ಲೆಕ್ಕ ಅದಕ್ಕೆ ಬರಲ್ಲ. ಜಿಟಿಯಲ್ಲಿ ಅಂಕಿಗೆ ರೂಪ ಕೊಡುವ ‘ಎಫ್‌ಎಂಟಿ_ನಂಬರ್’ಗೆ ‘ಸಿಸ್ಟಮ್’ ಅನ್ನೋ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಆಯ್ಕೆ) ಇದೆ, ಅದಕ್ಕೆ ‘ಐಎನ್‌ಡಿ’ ಕೊಡಿ. 1234567 ಇದ್ದದ್ದು 12,34,567 ಆಗುತ್ತೆ. ರೂಪಾಯಿ ಕಾಲಂ ಇದ್ದರೆ ‘ಎಫ್‌ಎಂಟಿ_ಕರೆನ್ಸಿ’ಗೂ ಇದೇ ಆರ್ಗ್ಯುಮೆಂಟ್.

ಕಾಮಾ ಹಾಕೋದು ಕೊನೇ ಹಂತದ ಕೆಲಸ ಕಣ್ರೀ. ಮುಂಚೆಯೇ ‘ಪೇಸ್ಟ್’, ‘ಫಾರ್ಮ್ಯಾಟ್’ ಬಳಸಿ ಹಾಕಿಟ್ಟರೆ ಕಾಲಂ ಅಕ್ಷರವಾಗಿ ಬದಲಾಗುತ್ತೆ: ಬಲಕ್ಕೆ ಕೂರಬೇಕಾದ ಅಂಕಿ ಎಡಕ್ಕೆ ಹೋಗುತ್ತೆ, ಒಟ್ಟು ಬರಲ್ಲ, ವಿಂಗಡಿಸಿದರೆ 9 ಅನ್ನೋದು 10ಕ್ಕಿಂತ ಆಮೇಲೆ ಬರುತ್ತೆ. ಕಚೇರಿಯಿಂದ ಬಂದ ಸಿಎಸ್‌ವಿಯಲ್ಲೇ ಕಾಮಾ ಇದ್ದರೆ ‘ಆ್ಯಸ್.ನ್ಯೂಮರಿಕ್’ ಕಾಮಾ ಇರುವ ಎಲ್ಲವನ್ನೂ ಎನ್‌ಎ (ಅಂಕಿ ಇಲ್ಲ) ಮಾಡಿಬಿಡುತ್ತೆ. ‘ರೀಡ್‌ಆರ್’ ಪ್ಯಾಕೇಜಿನ ‘ಪಾರ್ಸ್_ನಂಬರ್’ ಕಾಮಾ ಕಳಚಿ ಸಂಖ್ಯೆ ಕೊಡುತ್ತೆ.

124.80 ಒಮ್ಮೆ ಬಂದು ಒಮ್ಮೆ ಬರದೇ ಇರೋದಕ್ಕೆ ಕಾರಣ: ಕೇಬಲ್‌ನ ‘ಡಿಜಿಟ್ಸ್’ ದಶಮಾಂಶವನ್ನು ಕತ್ತರಿಸುತ್ತೆ, ತುಂಬುವುದಿಲ್ಲ. ಕಾಲಂನಲ್ಲಿ 123.45ರಂಥ ಒಂದು ಬೆಲೆ ಇದ್ದರೆ ಅದರ ಜೊತೆ ಎಲ್ಲಕ್ಕೂ ಎರಡು ಸ್ಥಾನ ಸಿಗುತ್ತೆ. ಆ ವಾರ ಎಲ್ಲವೂ ಒಂದೇ ದಶಮಾಂಶದವಾದರೆ ಕೊನೆಯ ಸೊನ್ನೆ ಬಿದ್ದುಹೋಗುತ್ತೆ. ‘ಎಫ್‌ಎಂಟಿ_ನಂಬರ್’ನಲ್ಲಿ ‘ಡೆಸಿಮಲ್ಸ್’ 2 ಅಂದರೆ ಯಾವಾಗಲೂ ಎರಡೇ. ವಿಸ್ತೀರ್ಣದ ಕಾಲಂಗಳಿಗೆ 0 ಕೊಡಿ, ಹೆಕ್ಟೇರ್‌ಗೆ ದಶಮಾಂಶ ಓದುವವರು ಯಾರೂ ಇಲ್ಲ.

ಮಟ್ಟಕ್ಕೆ ಬಣ್ಣ ಕೊಡೋ ಯೋಚನೆ ಇದ್ದರೆ ಜಿಟಿಯ ‘ಡೇಟಾ_ಕಲರ್’ನಲ್ಲಿ ‘ಡೊಮೇನ್’ (ಬಣ್ಣ ಹಂಚುವ ಕೆಳ, ಮೇಲಿನ ಮಿತಿ) ತಪ್ಪದೇ ಬರೆಯಿರಿ, ಮೇಲಿನ ಮಿತಿ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80. ಬಿಟ್ಟರೆ ಆ ವಾರದ ಕನಿಷ್ಠ, ಗರಿಷ್ಠಗಳ ನಡುವೆಯೇ ಬಣ್ಣ ಹಂಚುತ್ತೆ. ಬೇಸಿಗೆಯ ಟೇಬಲ್‌ನಲ್ಲೂ ಒಂದು ಸೆಲ್ ಕಡುನೀಲಿ ಆಗಿ, ಕಟ್ಟೆ ತುಂಬಿದೆ ಅಂತ ಜನ ಅಂದುಕೊಳ್ಳಬೇಕು! ಡೊಮೇನ್ ಆಚೆಗಿನ ಬೆಲೆ ಬೂದು ಬಣ್ಣ ಆಗುತ್ತೆ. ಯಾರಾದರೂ ಚುಕ್ಕಿ ಮರೆತು 12480 ಅಂತ ಬೆರಳಚ್ಚು ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.

ಒತ್ತಕ್ಷರ:

ಕನ್ನಡದ ಭಾಗಕ್ಕೆ ಬರೋಣ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಸಾಲಿನ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲದು. ಜಿಟಿಯ ‘ಟ್ಯಾಬ್_ಸ್ಟೈಲ್’ನ ‘ಸ್ಟೈಲ್’ ಜಾಗದಲ್ಲಿ ನೇರವಾಗಿ ಸಿಎಸ್‌ಎಸ್ ಬರೆಯಬಹುದು. ‘ಲೈನ್-ಹೈಟ್’ 1.7 ಕೊಟ್ಟು, ‘ಸೆಲ್ಸ್_ಬಾಡಿ’ ಮತ್ತು ‘ಸೆಲ್ಸ್_ಕಾಲಂ_ಲೇಬಲ್ಸ್’ ಎರಡಕ್ಕೂ ಅನ್ವಯಿಸಿ. ತಲೆಸಾಲು ಮರೆತರೆ ‘ಉತ್ಪನ್ನ’, ‘ವಿಸ್ತೀರ್ಣ’ ಮತ್ತೆ ಗೆರೆಗೆ ತಾಗುತ್ತವೆ. ತಾಲ್ಲೂಕಿನ ಹೆಸರಿನ ಕಾಲಂಗೆ ‘ವೈಟ್-ಸ್ಪೇಸ್’ ‘ನೋರ್ಯಾಪ್’ ಹಾಕಿ, ಫೋನಿನಲ್ಲಿ ಶ್ರೀರಂಗಪಟ್ಟಣ ಬೇಡದ ಕಡೆ ಮುರಿಯುವುದು ತಪ್ಪುತ್ತೆ.

ಫಾಂಟ್‌ಗೆ ಗೂಗಲ್‌ನಿಂದ ಎಳೆದು ತರುವ ದಾರಿ ಅಂಟಿಸುವ ಟೇಬಲ್‌ಗೆ ಬೇಡ. ‘ಟ್ಯಾಬ್_ಆಪ್ಷನ್ಸ್’ನ ‘ಟೇಬಲ್.ಫಾಂಟ್.ನೇಮ್ಸ್’ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ನಿರ್ಮಲಾ ಯುಐ, ಕೊನೆಗೆ ಸ್ಯಾನ್ಸ್-ಸೆರಿಫ್ ಅಂತ ಸಾಲಾಗಿ ಕೊಡಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಇದ್ದೇ ಇದೆ.

ಇನ್ನೊಂದು ಎಡವಟ್ಟು: ಹಳೆಯ ಎಕ್ಸೆಲ್ ಕಡತದ ಹೆಸರುಗಳು ನುಡಿ ಆಸ್ಕಿಯಲ್ಲಿ (ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಕ್ರಮ) ಇದ್ದರೆ ಯಾವ ಸ್ಟೈಲೂ ಉಪಯೋಗಕ್ಕೆ ಬರಲ್ಲ, ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆಗಿ ಉಳಿಸಿ. ಜೊತೆಯವರ ಕಂಪ್ಯೂಟರ್‌ನಲ್ಲಿ ಆರ್ 4.2ಕ್ಕಿಂತ ಹಳೆಯದಿದ್ದರೆ ವಿಂಡೋಸ್‌ನಲ್ಲಿ ಕನ್ನಡದ ಬದಲು ಯು ಪ್ಲಸ್ ಅಂತ ಶುರುವಾಗುವ ಕೋಡ್‌ಗಳು ಕಾಣಬಹುದು. 2022ರ ಏಪ್ರಿಲ್‌ನಲ್ಲಿ ಬಂದ 4.2ರಿಂದ ಅದು ಸರಿಹೋಗಿದೆ.

ಮದ್ದೂರು_ಅಂಕಿ:

ಮೂವರಿಗೂ ಧನ್ಯವಾದ ಸಾರ್. ಪಟ್ಟೆ, ಕಾಮಾ, ಒತ್ತಕ್ಷರ ಎಲ್ಲ ಸರಿಯಾಯ್ತು. ಎರಡು ಉಳಿದಿವೆ. ‘ಗ್ರ್ಯಾಂಡ್_ಸಮರಿ_ರೋಸ್’ನಿಂದ ತಂದ ಒಟ್ಟು ಸಾಲಿನಲ್ಲಿ ಮಾತ್ರ ಕಾಮಾ ನಮ್ಮ ಲೆಕ್ಕದಂತಿಲ್ಲ, ರಾಗಿ ಕಾಲಂನ ಒಟ್ಟು ಎನ್‌ಎ ಅಂತಿದೆ. ಇನ್ನು, ಸಹೋದ್ಯೋಗಿಯ ಲಾಗಿನ್‌ನಲ್ಲಿ ಹಳೆಯ, ಇನ್‌ಲೈನ್ ಮಾಡದ ಟೇಬಲ್ ಅಂಟಿಸಿದರೆ ಪುಟದ ಮೇಲ್ಗಡೆ ಸಿಎಸ್‌ಎಸ್ ಸಾಲುಗಳೇ ಅಕ್ಷರವಾಗಿ ಕಾಣುತ್ತಿವೆ.

ಸರಸ್ವತಿಪುರಂ_ಆರ್:

ಎರಡನೆಯದು ಅನುಮತಿಯ ವಿಷಯ. ವರ್ಡ್‌ಪ್ರೆಸ್‌ನಲ್ಲಿ ‘ಆಥರ್’ ಮಟ್ಟದ ಲಾಗಿನ್‌ಗೆ ಸ್ಟೈಲ್ ಟ್ಯಾಗ್ (ಸಿಎಸ್‌ಎಸ್ ಇಡುವ ಎಚ್‌ಟಿಎಂಎಲ್ ಗುರುತು) ಬಳಸಲು ಬಿಡಲ್ಲ. ಟ್ಯಾಗ್ ಕಿತ್ತುಹಾಕಿ ಒಳಗಿನ ಪಠ್ಯವನ್ನು ಹಾಗೇ ಬಿಡುತ್ತೆ. ಅವರಿಗೂ ಇನ್‌ಲೈನ್ ಆದ ಕಡತವನ್ನೇ ಕೊಡಿ.

ಒಟ್ಟು ಸಾಲಿಗೆ ‘ಎಫ್‌ಎಂಟಿ_ನಂಬರ್’ ತಾನಾಗಿ ತಲುಪಲ್ಲ, ಅದು ಮುಟ್ಟುವುದು ಟೇಬಲ್‌ನ ಒಡಲನ್ನು ಮಾತ್ರ. ‘ಗ್ರ್ಯಾಂಡ್_ಸಮರಿ_ರೋಸ್’ ಒಳಗಿನ ‘ಎಫ್‌ಎಂಟಿ’ ಆರ್ಗ್ಯುಮೆಂಟ್‌ನಲ್ಲಿ ‘ಐಎನ್‌ಡಿ’ ಸಮೇತ ಮತ್ತೆ ಬರೆಯಬೇಕು. ಎನ್‌ಎ ಬಂದಿರುವುದು ಯಾವುದೋ ತಾಲ್ಲೂಕಿನ ರಾಗಿ ಅಂಕಿ ಖಾಲಿ ಇರುವುದರಿಂದ. ‘ಎನ್‌ಎ.ಆರ್‌ಎಂ’ ಟ್ರೂ ಮಾಡಿದರೆ ಖಾಲಿಯದನ್ನು ಬಿಟ್ಟು ಮೊತ್ತ ಬರುತ್ತೆ, ಆದರೆ ಅದು ಏಳು ತಾಲ್ಲೂಕಿನ ಮೊತ್ತ ಆಗಿರಲ್ಲ. ಖಾಲಿ ಸೆಲ್‌ಗೆ ‘ಸಬ್_ಮಿಸ್ಸಿಂಗ್’ನಿಂದ ಒಂದು ಅಡ್ಡಗೆರೆ ಹಾಕಿ, ಯಾವ ತಾಲ್ಲೂಕು ಬಿಟ್ಟಿದೆ ಅಂತ ‘ಟ್ಯಾಬ್_ಫುಟ್‌ನೋಟ್’ನಲ್ಲಿ ಬರೆದುಬಿಡಿ.