ಓದುಗರ ಸ್ಪಂದನ: ‘ಮಾತ್ರೆ ಇಲ್ಲದೆ ಕಣ್ಣು ಮುಚ್ಚುವುದಿಲ್ಲ’

ಉಡುಪಿಯ 56 ವರ್ಷದ ಓದುಗರೊಬ್ಬರು ತಮ್ಮ ಕಷ್ಟ ಬರೆದುಕೊಂಡಿದ್ದರು. ಪತಿ ತೀರಿಕೊಂಡ ಮೇಲೆ ನಿದ್ದೆ ಹೋಯಿತು, ಚೀಟಿ ಇಲ್ಲದೆ ಮೆಡಿಕಲ್‌ನಿಂದ ತರುವ ಮಾತ್ರೆ ಒಂದರಿಂದ ಎರಡಕ್ಕೆ ಏರಿದೆ, ದುಬೈಯ ಮಗ ರಾತ್ರಿ 11ಕ್ಕೆ ಮಾಡುವ ಫೋನಿಗೆ ಕಾದು ಕೂರುತ್ತೇನೆ, ಇದನ್ನು ಬಿಡುವುದು ಹೇಗೆ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕ, ಶಂಕರಪುರದಲ್ಲಿ ನಮ್ಮದು ಮಲ್ಲಿಗೆ ಕೃಷಿ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳುಹಿಸಬೇಕು. ಮಗಳ ಮದುವೆ ಸಾಲದ ಚಿಂತೆಯಲ್ಲಿ ನನ್ನ ನಿದ್ದೆ ಹೋಯಿತು. ನೆಗಡಿಗೆಂದು ತಂದ ಮಾತ್ರೆ ನುಂಗಿದ ರಾತ್ರಿ ಗಾಢ ನಿದ್ದೆ ಬಂತು. ಮರುದಿನವೂ ಅದನ್ನೇ ನುಂಗಿದೆ. ವಾರ ಕಳೆಯುವಷ್ಟರಲ್ಲಿ ಒಂದು ಸಾಲಲಿಲ್ಲ. ಬಾಯಿ ಒಣಗುವುದು, ಮಲಬದ್ಧತೆ, ಬೆಳಿಗ್ಗೆ ಹತ್ತರವರೆಗೂ ತಲೆ ಭಾರ. ಒಂದು ಚೆಂಡಿಗೆ 800 ಹೂ; ಇಪ್ಪತ್ತು ವರ್ಷದಿಂದ ಕಟ್ಟುತ್ತಿರುವ ನನಗೆ ಲೆಕ್ಕ ತಪ್ಪತೊಡಗಿತು. ನಿದ್ದೆ ಇಲ್ಲವೆಂದ ಅತ್ತೆಗೂ ಒಂದು ಕೊಟ್ಟಿದ್ದೆ. ಅವರು ರಾತ್ರಿ ಮೂತ್ರಕ್ಕೆಂದು ಎದ್ದವರು ದಿಕ್ಕು ತೋಚದೆ ಅಂಗಳದ ಮೆಟ್ಟಿಲಲ್ಲಿ ಬಿದ್ದರು. ಆ ಸಂಕಟ ಈಗಲೂ ಉಂಟು.

ಡಾಕ್ಟರು ಬೈಯಲಿಲ್ಲ. ಆ ಮಾತ್ರೆಯ ಮಂಪರಿಗೆ ದೇಹ ಕೆಲವೇ ದಿನಗಳಲ್ಲಿ ಒಗ್ಗಿಬಿಡುತ್ತದೆ, ವಯಸ್ಸಾದವರಿಗಂತೂ ಅದು ಬೇಡವೇ ಬೇಡ ಎಂದರು. ರಾತ್ರಿ ಎಷ್ಟೇ ಕೆಟ್ಟಿರಲಿ, ಏಳುವ ಹೊತ್ತು ಬದಲಿಸಬಾರದು. ಕಣ್ಣು ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಬೇಕು. 20 ನಿಮಿಷದಷ್ಟು ಹೊರಳಾಡಿದರೆ ಎದ್ದು ಬರಬೇಕು, ಗಡಿಯಾರ ನೋಡಬಾರದು. ನಾನು ಚಾವಡಿಯಲ್ಲಿ ಸಣ್ಣ ಬೆಳಕಿನಲ್ಲಿ ಬಾಳೆನಾರು ಸೀಳುತ್ತಾ ಕೂರುತ್ತಿದ್ದೆ. ಮೊದಲ ಎರಡು ವಾರ ಮಾತ್ರೆಯ ಕಾಲಕ್ಕಿಂತ ಕಷ್ಟವಾಯಿತು, ಅತ್ತದ್ದೂ ಉಂಟು. ಐದನೇ ವಾರದಲ್ಲಿ ಒಂದು ರಾತ್ರಿ ಎಚ್ಚರವಾಗದೆ ಬೆಳಗಾಯಿತು. ನಿಮಗೂ ಆಗುತ್ತದೆ ಅಕ್ಕ, ಮೊದಲ ವಾರದಲ್ಲೇ ಕೈಬಿಡಬೇಡಿ.
– ಮಲ್ಲಿಗೆ ಬೆಳೆಗಾರ್ತಿ, ಶಂಕರಪುರ

ಅಮ್ಮ, ಬಿಡುವ ಮೊದಲು ಆ ಸ್ಟ್ರಿಪ್ಪಿನ ಹಿಂಬದಿ ಓದಿ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಡಾಕ್ಸಿಲಮಿನ್ ಎಂದಿದ್ದರೆ ಅದು ಅಲರ್ಜಿ ಔಷಧಿಯ ಜಾತಿ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಎಂದಿದ್ದರೆ ವಿಷಯ ಬೇರೆ, ಅವು ಆತಂಕ ತಗ್ಗಿಸಿ ಮಂಪರು ತರುವ ಜಾತಿ. ದಿನವೂ ತಿಂದು ರೂಢಿಯಾದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಈ ಮಾತ್ರೆಗಳನ್ನು ಚೀಟಿ ಇಲ್ಲದೆ ಮಾರುವಂತೆಯೇ ಇಲ್ಲ. ಅಲ್ಪ್ರಜೋಲಾಮ್ 2014ರಿಂದ ಎಚ್1 ಎಂಬ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಸರಕಾರಿ ಪಟ್ಟಿಯಲ್ಲಿದೆ; ರೋಗಿಯ ಮತ್ತು ಡಾಕ್ಟರ ಹೆಸರು ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಕೌಂಟರಿನಲ್ಲಿ ನಿಂತು 22 ವರ್ಷವಾಯಿತು. ಪರಿಚಯದ ಮುಖ ನೋಡಿ, ಪಾಪ ಎಂದು ನಾನೂ ಮೊದಲು ಕೊಟ್ಟದ್ದುಂಟು. ಅದು ಉಪಕಾರವಾಗಿರಲಿಲ್ಲ. ಈಗ ಇಲ್ಲ ಎಂದರೆ ಜನ ಮುಂದಿನ ಅಂಗಡಿಗೆ ಹೋಗುತ್ತಾರೆ, ಹೋಗಲಿ.
– ಔಷಧಿ ಅಂಗಡಿಯವರು, ಮಂಗಳೂರು

ಹೆಂಡತಿ ಹೋಗಿ ನಾಲ್ಕು ವರ್ಷ. ಸಂಜೆ ಆರರ ಚಾ ಬಿಟ್ಟೆ, ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟೆ. ಸ್ವಲ್ಪ ಗುಣ ಕಂಡಿತು, ಆದರೆ ನಸುಕಿನ ಮೂರಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ಅದು ದುಃಖದ್ದು ಎಂದು ಅರ್ಥವಾಗಲು ಒಂದು ವರ್ಷ ಬೇಕಾಯಿತು. ಒಂದು ರಾತ್ರಿ ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದೆ. ಸರಕಾರದ್ದು, ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅವಳ ಹೆಸರು ಹೇಳಿ ಮಾತಾಡದೆ ಎಷ್ಟು ದಿನವಾಗಿತ್ತೆಂದು ಅವತ್ತೇ ಗೊತ್ತಾದದ್ದು.
– ನಿವೃತ್ತ ಬ್ಯಾಂಕ್ ನೌಕರ, ಕದ್ರಿ

ಅಮ್ಮ, ನಾನು ಕುಂದಾಪುರದವ, ದುಬೈಯಲ್ಲಿ ಕೆಲಸ. ಊರಿನ 11 ಎಂದರೆ ಇಲ್ಲಿ ಒಂಬತ್ತೂವರೆ. ಊಟ ಮುಗಿಸಿ ಆರಾಮವಾಗಿ ಮಾತಾಡುವ ಹೊತ್ತೆಂದು ನಾನೂ ಆಗಲೇ ಫೋನು ಮಾಡುತ್ತಿದ್ದೆ. ಅಮ್ಮ ಅಲ್ಲಿ ನಿದ್ದೆ ತಡೆದುಕೊಂಡು ಕೂರುವುದು ತಂಗಿ ಹೇಳುವವರೆಗೂ ತಿಳಿಯಲಿಲ್ಲ. ಈಗ ಬೆಳಿಗ್ಗೆ ಆರಕ್ಕೆ, ಡ್ಯೂಟಿಗೆ ಹೋಗುವ ಬಸ್ಸಿನಿಂದ ಮಾಡುತ್ತೇನೆ. ಊರಲ್ಲಿ ಏಳೂವರೆ, ಅಮ್ಮನ ಕೈಯಲ್ಲಿ ಕಾಫಿ ಇರುತ್ತದೆ. ನಿಮ್ಮ ಮಗನಿಗೂ ಹೇಳಿ ನೋಡಿ. ನೀವು ಕಾಯುವುದು ಅವನಿಗೆ ಗೊತ್ತಿರಲಿಕ್ಕಿಲ್ಲ.
– ಊರು ಬಿಟ್ಟ ಮಗ