ಎರಡನೇ ಕ್ಲಾಸಿಗೆ ಐಟಂ ಹಾಡು, ಬಾಡಿಗೆ ಲೆಹಂಗಾ: ಏನು ಮಾಡಬಹುದು?

ಕೇಳಿದವರು: ಮಗಳಿಗೆ ಏಳು ವರ್ಷ. ಶಾಲೆಯ ವಾರ್ಷಿಕೋತ್ಸವಕ್ಕೆ ಅವಳ ಕ್ಲಾಸಿಗೆ ಸಿನಿಮಾದ ಐಟಂ ಹಾಡು ಕೊಟ್ಟಿದ್ದಾರೆ. ಹೊಟ್ಟೆ ಕಾಣುವ ಲೆಹಂಗಾ ಬಾಡಿಗೆಗೆ ತರುತ್ತಾರಂತೆ. ತಾತನ ಫೋನಿನಲ್ಲಿ ಅದೇ ಹಾಡು ನೋಡಿ ನೋಡಿ ಈಗ ಅಂಥವೇ ವಿಡಿಯೊ ಸಾಲುಗಟ್ಟಿವೆ. ಮಗುವನ್ನು ಬೈಯದೆ, ಶಾಲೆಯಲ್ಲಿ ಗಲಾಟೆ ಮಾಡದೆ ಏನು ಮಾಡಬಹುದು?

ನೃತ್ಯ ಕಲಿಸುವವರು, ಶಿವಮೊಗ್ಗ: ಮೊದಲು ಒಂದು ವಿಷಯ ವಿಚಾರಿಸಿ: ಡ್ರೆಸ್ಸಿಗೆ ಅಡ್ವಾನ್ಸ್ ಕೊಟ್ಟಾಗಿದೆಯಾ? ಕೊಟ್ಟ ಮೇಲೆ ಹಾಡು ಬದಲಿಸಲು ಯಾವ ಟೀಚರೂ ಒಪ್ಪುವುದಿಲ್ಲ. ಆಗ ಹಾಡನ್ನು ಬಿಟ್ಟು ಡ್ರೆಸ್ಸಿನ ಮಾತಾಡಿ. ಕೊಟ್ಟಿಲ್ಲವಾದರೆ ಇನ್ನಿಬ್ಬರು ಪೋಷಕರೊಂದಿಗೆ ಹೋಗಿ, ಕೈಯಲ್ಲಿ ಬದಲಿ ಹಾಡು ಇಟ್ಟುಕೊಂಡು ಹೋಗಿ. 'ಇದು ಬೇಡ' ಅಂದರೆ ಟೀಚರಿಗೆ ಹೊಸ ಕೆಲಸ ಹಚ್ಚಿದ ಹಾಗೆ. 'ಇದು ಬೇಡ, ಇದನ್ನು ಮಾಡಿಸೋಣ, ಆಡಿಯೊ ಕಟ್ ಮಾಡಿ ತಂದಿದ್ದೇವೆ' ಅಂದರೆ ಮಾತು ಮುಂದುವರಿಯುತ್ತದೆ. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟೀವಿ ಚಾನೆಲ್‌ಗಳಿಗೆ ಸಲಹೆ ಹೊರಡಿಸಿತ್ತು: ಸಿನಿಮಾದಲ್ಲಿ ದೊಡ್ಡವರು ಮಾಡಿದ ಅಂಥ ಹೆಜ್ಜೆಗಳನ್ನು ಡ್ಯಾನ್ಸ್ ಶೋಗಳಲ್ಲಿ ಮಕ್ಕಳಿಂದ ಮಾಡಿಸುವುದು ಬೇಡ ಅಂತ. ಅದು ಶಾಲೆಗಳಿಗೆ ಬರೆದದ್ದಲ್ಲ, ಆದರೂ ಹೆಡ್‌ಮಿಸ್ ಮುಂದೆ ಹೇಳಲು ಒಳ್ಳೆಯ ಆಧಾರ.

ಹಾಡು ಆರಿಸುವಾಗ ಎರಡು ಪರೀಕ್ಷೆ ಮಾಡಿ. ಸಾಹಿತ್ಯವನ್ನು ರಾಗವಿಲ್ಲದೆ ಜೋರಾಗಿ ಓದಿ. ಆಮೇಲೆ ವಿಡಿಯೊವನ್ನು ಮ್ಯೂಟ್ ಮಾಡಿ ನೋಡಿ. ಎಷ್ಟೋ ಕಡೆ ಹಾಡು ಬದಲಾಗುತ್ತದೆ, ಸೊಂಟ ತಿರುಗಿಸುವುದು, ಕಣ್ಣು ಹೊಡೆಯುವುದು ಹಾಗೇ ಉಳಿಯುತ್ತದೆ. ಕಲಿಸುವವರಿಗೆ ಬರುವುದೇ ಆ ಎಂಟು ಹೆಜ್ಜೆ, ಅದೇ ಕಾರಣ.

ಬದಲಿಗೆ ಕೋಲಾಟ ಕೇಳಿ. ಸಮಸಂಖ್ಯೆ ಬೇಕು, 12 ಅಥವಾ 16 ಮಕ್ಕಳು. ಈ ವಯಸ್ಸಿಗೆ ಒಂದಡಿಯ ಹಗುರ ಕೋಲು ಸಾಕು, ದಪ್ಪ ಕೋಲಾದರೆ ಎರಡನೇ ದಿನವೇ ಬೆರಳಿಗೆ ಏಟು. ನಾಲ್ಕು ಎಣಿಕೆಯ ಮೂರು ವಿನ್ಯಾಸ, ಒಂದು ಸುತ್ತು ಜಾಗ ಬದಲಾವಣೆ, ಒಟ್ಟು ಮೂರು ನಿಮಿಷ. ಅದಕ್ಕಿಂತ ಉದ್ದ ಮಾಡಿದರೆ ಹಿಂದಿನ ಸಾಲಿನವರು ಎಣಿಕೆ ಮರೆತು ಸುಮ್ಮನೆ ನಿಂತುಬಿಡುತ್ತಾರೆ.

ಟೇಲರ್, ಹುಬ್ಬಳ್ಳಿ: ಲೆಹಂಗಾನ ಹಾಕೂದು ಅಂತ ಗಟ್ಟಿ ಆದ್ರೂ ಚಿಂತಿ ಮಾಡಬ್ಯಾಡ್ರಿ, ಸರಿ ಮಾಡಾಕ ಬರತೈತಿ. ಸಣ್ಣ ಹುಡುಗ್ಯಾರಿಗೆ ಸೊಂಟ ಅಂತ ಬ್ಯಾರೆ ಇರೂದಿಲ್ರಿ, ಹೊಟ್ಟಿನೂ ಅಷ್ಟ, ಸೊಂಟನೂ ಅಷ್ಟ. ಹಿಂಗಾಗಿ ಬರೇ ಲಾಡಿ ಮ್ಯಾಲೆ ಲಂಗಾ ನಿಲ್ಲಂಗಿಲ್ಲ. ಬಿಗಿ ಕಟ್ಟಿದ್ರ ಗೆರಿ ಬೀಳತೈತಿ, ಸಡಲ ಬಿಟ್ಟರ ಸ್ಟೇಜಿನ ಮ್ಯಾಲೆ ಜಾರತೈತಿ. ಬನಿಯನ್ ಹಂಗ ತೋಳಿಲ್ಲದ ಕಾಟನ್ ಬಾಡಿ ಹೊಲಿದು ಲಂಗಾನ ಅದಕ್ಕ ಜೋಡಸ್ರಿ. ಬಾಡಿ ಬಣ್ಣ ಬ್ಲೌಸಿನ ಬಣ್ಣನ ಇರಲಿ. ಮೈಬಣ್ಣದ ಬಟ್ಟಿ ಹಾಕಿದ್ರ ದೂರಿಂದ ಬರಿಮೈನ ಕಾಣತೈತಿ, ಹಾಕಿ ಏನ್ ಉಪಯೋಗ?

ಬಾಡಿಗಿ ಡ್ರೆಸ್ ಆದ್ರ ಕತ್ತರಿ ಹಚ್ಚಬ್ಯಾಡ್ರಿ, ಲಂಗಾನ ಆ ಕಾಟನ್ ಬಾಡಿಗೆ ನಾಲ್ಕು ಕಡೆ ಕೈಟಾಕಿ ಹಾಕಿ ಮರುದಿನ ಬಿಚ್ಚಿ ಕೊಡ್ರಿ. ಹೊಸದು ಹೊಲಸೂದಾದ್ರ, ನಾಲ್ಕು ಫೂಟ್ ಎತ್ತರದ ಹುಡುಗಿಗೆ 44 ಇಂಚ್ ಅಗಲದ ಬಟ್ಟಿ ಎರಡೂವರಿ ಮೀಟರ್ ಲಂಗಾಕ್ಕ, ಬ್ಲೌಸಿಗೆ ಒಂದ್ ಮೀಟರ್. ಬ್ಲೌಸ್ ಸೊಂಟದ ಕೆಳಗ ಮೂರು ನಾಲ್ಕು ಇಂಚ್ ಇಳೀಬೇಕು, ಯಾಕಂದ್ರ ಕೈ ಎತ್ತಿದಾಗ ಅದು ಮ್ಯಾಲೆ ಹೋಗತೈತಿ. ಟ್ರಯಲ್ ನೋಡುವಾಗ ಎರಡೂ ಕೈ ಎತ್ತಸ್ರಿ, ಬಗ್ಗಸ್ರಿ. ಸುಮ್ನ ನಿಲ್ಲಿಸಿ ನೋಡಿದ್ರ ಏನೂ ತಿಳಿಯಂಗಿಲ್ಲ. ಲಂಗಾದ ಒಳಗ ಎರಡು ಟಕ್ (ಮಡಿಕಿ) ಹಿಡಿಸಿ ಇಟ್ಟರ ಮುಂದಿನ ವರ್ಷಕ್ಕೂ ಬರತೈತಿ. ದೊಡ್ಡವರ ಬ್ಲೌಸ್ ತೋರಿಸಿ 'ಹಿಂಗ ಹೊಲೀರಿ' ಅನ್ನಬ್ಯಾಡ್ರಿ, ಸಣ್ಣ ಹೆಗಲಿಗೆ ಅಗಲ ಕೊರಳ ನಿಲ್ಲಂಗಿಲ್ಲ.

ಮೊಬೈಲ್ ಸರ್ವಿಸ್, ತುಮಕೂರು: ತಾತನ ಫೋನಿನ ಬಗ್ಗೆ. ಅಲ್ಲಿ ಬರುವ ವಿಡಿಯೊಗಳು ಮಗು ನೋಡಿದ್ದರ ಮೇಲೇ ಬರುತ್ತಿವೆ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ವಾಚ್ ಹಿಸ್ಟರಿ (ನೋಡಿದ್ದರ ಪಟ್ಟಿ) ಪೂರ್ತಿ ಅಳಿಸಿ, 'pause' ಒತ್ತಿ ಅದನ್ನು ನಿಲ್ಲಿಸಿ. ಆಮೇಲೆ ಮುಖಪುಟ ಹೆಚ್ಚುಕಡಿಮೆ ಖಾಲಿ ಕಾಣುತ್ತದೆ, ತಾತ ಬೇಕಾದ ಭಜನೆ ಹುಡುಕಿ ಕೇಳಬಹುದು. ಚಿಕ್ಕ ವಿಡಿಯೊಗಳ ಶಾರ್ಟ್ಸ್ ಗುಂಡಿ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಮಗುವಿಗೆ ಈ ಆ್ಯಪ್ ಕೊಡಲೇಬೇಡಿ.

ಅವಳಿಗೆ ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲೂ ವಯಸ್ಸಿನ ಗುಂಪು ಆರಿಸಿ ಬಿಟ್ಟರೆ ಸಾಲದು, ನೀವು ಒಪ್ಪಿದ ಚಾನೆಲ್ ಮಾತ್ರ ಬರುವ ಆಯ್ಕೆ ಇದೆ, ಅದನ್ನು ಹಾಕಿ. ಆಗ ಮಗುವಿಗೆ ಹುಡುಕಾಟವೂ ಇರುವುದಿಲ್ಲ. ಎಲ್ಲರೂ ಎಡವುವ ಜಾಗ ಇದು: ಪೋಷಕರ ಬೀಗ ತೆರೆಯಲು ಅದು ಕೇಳುವುದು ಗುಣಾಕಾರದ ಲೆಕ್ಕ. ಮಗ್ಗಿ ಬರುವ ಮಗು ಒಂದೇ ಏಟಿಗೆ ತೆರೆಯುತ್ತದೆ. ನಿಮ್ಮದೇ ನಾಲ್ಕಂಕಿಯ ಗುಪ್ತಸಂಖ್ಯೆ ಇಡಿ, ತಾತನ ಹುಟ್ಟಿದ ವರ್ಷ ಬೇಡ.

ಕೇಳಿದವರು: ಮಗು ಅದರಿಂದ ಹೊರಗೆ ಬಂದು ಮಾಮೂಲಿ ಯೂಟ್ಯೂಬ್ ತೆಗೆದರೆ? ತಾತನಿಗೆ ಗೊತ್ತಾಗುವುದಿಲ್ಲ.

ಮೊಬೈಲ್ ಸರ್ವಿಸ್, ತುಮಕೂರು: ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಪಿನ್' ಎಂದು ಹುಡುಕಿದರೆ ಆ್ಯಪ್ ಪಿನ್ನಿಂಗ್ ಸಿಗುತ್ತದೆ, ಅದು ಫೋನನ್ನು ಒಂದೇ ಆ್ಯಪ್‌ನಲ್ಲಿ ನಿಲ್ಲಿಸುತ್ತದೆ. ಆನ್ ಮಾಡುವಾಗ 'ಬಿಡಿಸಲು ಪಿನ್ (ಗುಪ್ತಸಂಖ್ಯೆ) ಕೇಳು' ಎಂಬುದನ್ನೂ ಆನ್ ಮಾಡಿ, ಅದು ಬಿಟ್ಟುಹೋದರೆ ಮಗು ಸುಲಭವಾಗಿ ಹೊರಗೆ ಬರಬಹುದು. ಐಫೋನ್ ಆದರೆ ಇದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ. ತಾತನಿಗೆ ಕಲಿಸಬೇಕಾದ್ದು ಒಂದೇ: ಪಿನ್ ಮಾಡಿ ಕೊಡುವುದು.

ಇನ್ನೊಬ್ಬರು, ಮೈಸೂರು: ಟೀವಿ ಮರೆಯಬೇಡಿ. ಓಟಿಟಿಯಲ್ಲಿ (ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಲ್ಲಿ) ಮಗುವಿಗೆ ಕಿಡ್ಸ್ ಪ್ರೊಫೈಲ್ ಮಾಡಿದರೆ ಅರ್ಧ ಕೆಲಸ, ದೊಡ್ಡವರ ಪ್ರೊಫೈಲಿಗೆ ಬೀಗ ಹಾಕಿದರೆ ಇನ್ನರ್ಧ. ಕೇಂದ್ರದ 2021ರ ಐಟಿ ನಿಯಮದ ಪ್ರಕಾರ ಓಟಿಟಿಗಳು ಯು/ಎ 13+ (ಹದಿಮೂರರೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದು) ಮತ್ತು ಅದಕ್ಕೆ ಮೇಲಿನದಕ್ಕೆಲ್ಲ ಬೀಗದ ಸೌಲಭ್ಯ ಕೊಡಲೇಬೇಕು. ಸಿನಿಮಾಗಳಿಗೂ 2024ರ ಕೊನೆಯಿಂದ ಯುಎ ಗುರುತು 7+, 13+, 16+ ಎಂದು ಒಡೆದಿದೆ. ಹಳೆಯ ಚಿತ್ರಗಳಲ್ಲಿ ಬರೀ ಯು/ಎ ಇರುತ್ತದೆ, ಅದನ್ನು ನಂಬಿ ಏಳು ವರ್ಷದವಳನ್ನು ಒಬ್ಬಳೇ ಕೂರಿಸಬೇಡಿ.

ಮಕ್ಕಳ ವಾರ್ಡಿನ ನರ್ಸ್, ಹಾಸನ: ಮೇಕಪ್ಪಿಗೆ ಯಾರೋ ಬ್ಯೂಟಿ ಪಾರ್ಲರಿನವರು ಬಂದರೆ ಮೂರಕ್ಕೆ ಬೇಡ ಅನ್ನಿ. ಕಣ್ಣಿನೊಳಗೆ ಕಾಡಿಗೆ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಕ್ರಾಫ್ಟಿನ ಗ್ಲಿಟರ್ ಬೇಡ, ಕಣ್ಣಿಗೆ ಬಿದ್ದರೆ ಗೀರುತ್ತದೆ. ಕಪ್ಪು ಮೆಹಂದಿಯಂತೂ ಬೇಡವೇ ಬೇಡ. ಅದರಲ್ಲಿ ಹೆಚ್ಚಾಗಿ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಚರ್ಮ ಬೊಬ್ಬೆ ಏಳಬಹುದು, ಅಲರ್ಜಿ ಜೀವನಪೂರ್ತಿ ಉಳಿಯಬಹುದು. ಸೊಪ್ಪು ಅರೆದ ಕೆಂಪು ಗೋರಂಟಿ ಆಗಬಹುದು. ಹೀಲ್ಸ್ ಬದಲು ಬರಿಗಾಲು, ಗೆಜ್ಜೆ. ಲಿಪ್‌ಸ್ಟಿಕ್ ಹಚ್ಚಿದ್ದರೆ ಮನೆಗೆ ಬಂದ ತಕ್ಷಣ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ.

ನೃತ್ಯ ಕಲಿಸುವವರು, ಶಿವಮೊಗ್ಗ: ಒಂದು ಬಿಟ್ಟುಹೋಗಿತ್ತು. ಶಾಲೆಯವರು ಕಾರ್ಯಕ್ರಮವನ್ನು ಯೂಟ್ಯೂಬಿನಲ್ಲಿ ಲೈವ್ ಹಾಕುತ್ತಾರಾ ಕೇಳಿ. ಹಾಕುವುದಾದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಅನ್‌ಲಿಸ್ಟೆಡ್ ಮಾಡಲು ಹೇಳಿ, ಕಾಮೆಂಟ್ ಮುಚ್ಚಿಸಿ. ಇದನ್ನು ಹಿಂದಿನ ದಿನವೇ ಬರೆದು ಕೊಡಿ. ಅವತ್ತು ಸಂಜೆ ಯಾರ ಫೋನೂ ಯಾರೂ ಎತ್ತುವುದಿಲ್ಲ.