ದಿನಾ 40 ನಿಮಿಷ ಕರೆಕ್ಟಿವ್ (ಚಲನೆಯ ದೋಷ ತಿದ್ದೋ) ವ್ಯಾಯಾಮ, ಆದ್ರೂ ಸ್ಕ್ವಾಟ್‌ನಲ್ಲಿ ಬಲ ಮಂಡಿ ನೋವು. ಯಾವುದನ್ನ ಬಿಡಲಿ?

ಓಟದ_ಹುಚ್ಚ ಕೇಳಿದ್ದು:

ನನಗೆ 41. ವಾರದಲ್ಲಿ ಮೂರು ದಿನ ಓಟ, ಎರಡು ದಿನ ಜಿಮ್. ಎಂಟು ತಿಂಗಳಿಂದ ಬಲ ಮಂಡಿಚಿಪ್ಪಿನ ಸುತ್ತ ನೋವು. ಮೆಟ್ಟಿಲು ಹತ್ತೋವಾಗ ಪರವಾಗಿಲ್ಲ, ಇಳಿಯೋವಾಗ ಹಿಡ್ಕೊಳುತ್ತೆ. ಊತ ಇಲ್ಲ, ಕಾಲು ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳೋದಿಲ್ಲ. ಟಕ್ ಅಂತ ಸದ್ದು ಬರುತ್ತೆ, ಸದ್ದಾದಾಗ ನೋವಿಲ್ಲ. ಸ್ಕ್ವಾಟ್‌ನಲ್ಲಿ ಕೆಳಗೆ ಹೋದ ಹಾಗೆ ಬಲ ಹಿಮ್ಮಡಿ ಏಳುತ್ತೆ, ಮೈ ಎಡಕ್ಕೆ ವಾಲುತ್ತೆ. ವಿಡಿಯೋ ಮಾಡಿ ನೋಡಿದಾಗಲೇ ಗೊತ್ತಾಗಿದ್ದು.

ಒಬ್ರು ಟ್ರೈನರ್ ನಿಮ್ಮ ಪೃಷ್ಠದ ಸ್ನಾಯು ನಿದ್ದೆ ಮಾಡ್ತಿದೆ ಅಂದ್ರು. ಇನ್ನೊಬ್ರು ಸೊಂಟ ಮುಂದಕ್ಕೆ ಬಾಗಿದೆ ಅಂದ್ರು. ಮೂರನೆಯವರು ಪಾದ ಚಪ್ಪಟೆ ಅಂದ್ರು. ಒಬ್ಬೊಬ್ರೂ ಮೂರು ನಾಲ್ಕು ವ್ಯಾಯಾಮ ಕೊಟ್ಟು ಈಗ ನನ್ನ ಪಟ್ಟಿಯಲ್ಲಿ ಹದಿನಾಲ್ಕು ಇವೆ: ಫೋಮ್ ರೋಲರ್, ಬ್ಯಾಂಡ್ ಹಾಕಿ ಏಡಿ ನಡಿಗೆ, ಕ್ಲಾಮ್‌ಶೆಲ್, ಗ್ಲೂಟ್ ಬ್ರಿಜ್, ಟವೆಲ್ಲನ್ನ ಕಾಲ್ಬೆರಳಲ್ಲಿ ಎಳೆಯೋದು... ಇದೆಲ್ಲ ಮುಗಿಯೋ ಹೊತ್ತಿಗೆ ಆಫೀಸಿಗೆ ಹೊರಡೋ ಟೈಮು. ಭಾರ ಎತ್ತೋದೇ ಆಗ್ತಿಲ್ಲ. ಯಾವುದು ಬೇಕು, ಯಾವುದು ಬೇಡ?

ಕಬ್ಬಿಣದ_ಭೀಮ:

ಮಂಡಿ ಕಾಲ್ಬೆರಳು ದಾಟಿ ಮುಂದೆ ಹೋಗಲೇಬಾರದು ಸರ್. ಕುಂಡಿ ಹಿಂದಕ್ಕೆ ತಳ್ಳಿ ಕೂರಿ, ಸರಿ ಹೋಗುತ್ತೆ.

ಹಳೇ_ರಾಕೆಟ್:

ಭೀಮಣ್ಣ, ಈ ಸಲಹೆ ನಾನೂ ವರ್ಷಗಟ್ಟಲೆ ಪಾಲಿಸಿ ಕೆಟ್ಟಿದ್ದೀನಿ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಂಡಿ ಮುಂದೆ ಹೋಗದ ಹಾಗೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿದ್ರು. ಮಂಡಿಯ ಮೇಲಿನ ಟಾರ್ಕ್ (ಕೀಲನ್ನ ತಿರುಗಿಸೋ ಬಲ) 150 ನ್ಯೂಟನ್ ಮೀಟರ್‌ನಿಂದ 117ಕ್ಕೆ ಇಳೀತು, ಸರಿ. ಆದ್ರೆ ಸೊಂಟದ ಕೀಲಿನ ಮೇಲೆ 28 ಇದ್ದದ್ದು 303 ಆಯ್ತು. ಹೊರೆ ಎಲ್ಲೂ ಮಾಯ ಆಗಲಿಲ್ಲ, ಮನೆ ಬದಲಾಯಿಸ್ತು ಅಷ್ಟೆ. ನೋವು ಜಾಸ್ತಿ ಇರೋ ನಾಲ್ಕು ದಿನ ಹಾಗೆ ಮಾಡಬಹುದು, ಜೀವನಪೂರ್ತಿ ಅಲ್ಲ.

ಓಟದವರೇ, ನಾನು ಡಾಕ್ಟರೂ ಅಲ್ಲ, ಫಿಸಿಯೋನೂ ಅಲ್ಲ. ಇಪ್ಪತ್ತು ವರ್ಷ ಬ್ಯಾಡ್ಮಿಂಟನ್ ಆಡಿದ ಹೆಂಗಸು, ಈಗ 52. ನಿಮ್ಮ ಥರಾನೇ ಪಟ್ಟಿ ಇತ್ತು, ನಂದು ಹದಿನೇಳು. ಏಡಿ ನಡಿಗೆ ಎಷ್ಟು ಮಾಡಿದ್ದೆ ಅಂದ್ರೆ ಮನೆಯಲ್ಲಿ ನನ್ನನ್ನ ಏಡಿ ಅಂತಲೇ ಕರೀತಿದ್ರು. ಮಂಡಿ ಮಾತ್ರ ಹಾಗೇ ಇತ್ತು.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು, ಬಲ ಹಿಮ್ಮಡಿ ಏಳುತ್ತೆ ಅನ್ನೋದು. ಪಾದದ ಕೀಲು ಎಷ್ಟು ಬಾಗುತ್ತೆ ಅಂತ ಅಳೆದಿದ್ದೀರಾ? ಬರಿಗಾಲಲ್ಲಿ ಗೋಡೆ ಎದುರು ನಿಲ್ಲಿ. ಹೆಬ್ಬೆರಳು ಗೋಡೆಯಿಂದ ಸ್ವಲ್ಪ ದೂರ ಇರಲಿ. ಹಿಮ್ಮಡಿ ಎತ್ತದೆ ಮಂಡಿಯನ್ನ ಗೋಡೆಗೆ ಮುಟ್ಟಿಸಿ. ಮುಟ್ಟಿದ್ರೆ ಪಾದ ಹಿಂದೆ ಸರಿಸ್ತಾ ಹೋಗಿ. ಇನ್ನು ಹಿಮ್ಮಡಿ ಏಳುತ್ತೆ ಅನ್ನೋ ಕೊನೇ ಜಾಗದಲ್ಲಿ ಗೋಡೆಯಿಂದ ಹೆಬ್ಬೆರಳಿಗೆ ಸ್ಕೇಲ್ ಇಡಿ. ಸುಮಾರು 10 ಸೆಂ.ಮೀ. ಬಂದ್ರೆ ಚಿಂತೆ ಇಲ್ಲ. ಎರಡು ಕಾಲಿನ ನಡುವಿನ ವ್ಯತ್ಯಾಸ ನೋಡೋದು ಮುಖ್ಯ. ನನ್ನ ಎಡ 11, ಬಲ 4! ಹತ್ತೊಂಬತ್ತನೇ ವಯಸ್ಸಲ್ಲಿ ಬಲಗಾಲು ಉಳುಕಿತ್ತು. ಎರಡು ವಾರ ಕುಂಟಿ, ನೋವು ಹೋಯ್ತು ಅಂತ ಮತ್ತೆ ಕೋರ್ಟಿಗೆ ಇಳಿದಿದ್ದೆ. ನೋವು ಹೋಗಿತ್ತು, ಬಾಗೋದು ವಾಪಸ್ ಬಂದಿರಲಿಲ್ಲ. ಪಾದದ ಕೀಲು ಬಾಗದಿದ್ರೆ ಕೆಳಗೆ ಕೂರೋಕೆ ದೇಹ ಬೇರೆ ದಾರಿ ಹುಡುಕುತ್ತೆ: ಹಿಮ್ಮಡಿ ಎತ್ತುತ್ತೆ, ಇಲ್ಲಾ ಮಂಡಿ ಒಳಕ್ಕೆ ಬೀಳುತ್ತೆ, ಇಲ್ಲಾ ಮೈ ಇನ್ನೊಂದು ಕಡೆ ವಾಲುತ್ತೆ.

ಅಳೆಯೋವಾಗ ಎಲ್ಲಿ ಹಿಡಿಯುತ್ತೆ ಅಂತಲೂ ಗಮನಿಸಿ. ಹಿಂದೆ, ಮೀನಖಂಡದ ಕೆಳಗೆ ಎಳೆದ ಹಾಗಿದ್ರೆ ಸ್ನಾಯು. ಮುಂದೆ ಹಿಸುಕಿದ ಹಾಗಿದ್ರೆ ಕೀಲಿನದ್ದೇ ತಕರಾರು ಇರಬಹುದು, ಅಲ್ಲಿ ಜೋರಾಗಿ ಒತ್ತಬೇಡಿ, ತೋರಿಸಿ. ನನ್ನದು ಹಿಂದಿನದು. ನಾನೋ ಮಂಡಿ ನೆಟ್ಟಗಿಟ್ಟು ಗೋಡೆ ತಳ್ಳೋ ಸ್ಟ್ರೆಚ್ಚನ್ನೇ ಮಾಡ್ತಿದ್ದೆ. ಅದು ಮೀನಖಂಡದ ಮೇಲಿನ ಸ್ನಾಯುವನ್ನ ಎಳೆಯುತ್ತೆ, ಆ ಸ್ನಾಯು ಮಂಡಿಯನ್ನೂ ದಾಟಿ ಹೋಗೋದ್ರಿಂದ ಮಂಡಿ ಬಾಗಿದ ಕೂಡಲೇ ಸಡಿಲ ಆಗುತ್ತೆ. ಸ್ಕ್ವಾಟ್‌ನಲ್ಲಿ ಅಡ್ಡ ಬರೋದು ಅದರ ಅಡಿಯಲ್ಲಿರೋ ಸೋಲಿಯಸ್. ಮಂಡಿ ಬಗ್ಗಿಸಿಯೇ ಕೆಲಸ ಮಾಡಬೇಕು ಅಂತ ಒಬ್ರು ಹೇಳೋವರೆಗೆ ನನಗೆ ಹೊಳೆದಿರಲೇ ಇಲ್ಲ.

ಹದಿನೇಳರಲ್ಲಿ ನಾನು ಉಳಿಸಿಕೊಂಡದ್ದು ಒಂದೂ ಇಲ್ಲ, ಮೂರು ಹೊಸದು ಹಿಡಿದೆ. ಕೂತು, ತೊಡೆ ಮೇಲೆ ಭಾರ ಇಟ್ಟು ಹಿಮ್ಮಡಿ ಎತ್ತಿ ಇಳಿಸೋದು, ಇಳಿಸೋಕೆ ಮೂರು ಸೆಕೆಂಡ್. ಒಂದು ಕಾಲು ಮುಂದಿಟ್ಟು, ಆ ಮಂಡಿ ಮೇಲೆ ಭಾರ ಇಟ್ಟು ಮುಂದಕ್ಕೆ ತೂಗೋದು. ಸುಮಾರು 15 ಸೆಂ.ಮೀ. ಎತ್ತರದ ಮೆಟ್ಟಿಲಿಂದ ಒಂಟಿ ಕಾಲಲ್ಲಿ ನಿಧಾನಕ್ಕೆ ಇಳಿಯೋದು. ಇದರ ಜೊತೆಗೆ, ಪಾದದ ಕೀಲು ಅಷ್ಟು ಬಾಗಬೇಕಾಗದ ಹಾಗೆ ಹಿಮ್ಮಡಿ ಅಡಿ ಜಿಮ್ಮಿನ ತೆಳು ತೂಕದ ಪ್ಲೇಟ್ ಇಟ್ಟು ಸ್ಕ್ವಾಟ್ ಮುಂದುವರಿಸಿದೆ. ಪ್ಲೇಟ್ ಇಡೋದು ಮೋಸ ಅಂತ ಜಿಮ್ಮಲ್ಲಿ ನಕ್ಕವರಿದ್ದಾರೆ, ನಗಲಿ. ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ, ಒತ್ತಿ ಬಿಟ್ಟಾಗ ಸ್ಪಂಜಿನ ಹಾಗೆ ಕೀಲಿನ ದ್ರವ ಹೀರಿಕೊಂಡೇ ಅದು ಬದುಕೋದು. ಹಾಗಾಗಿ ಭಾರ ಪೂರ್ತಿ ಬಿಡೋದು ನನಗೆ ಸರಿ ಕಾಣಲಿಲ್ಲ.

4 ಇದ್ದದ್ದು 9 ಆಗೋಕೆ ಐದು ತಿಂಗಳು ಹಿಡೀತು. ಎರಡನೇ ತಿಂಗಳು ಪೂರ್ತಿ ಒಂದು ಮಿಲಿಮೀಟರೂ ಕದಲಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು.

ಕೀಲುಗಳ_ಕೆಲಸ:

ನಾನು ಫಿಸಿಯೋ. ಮೇಲಿನವರ ಅಳತೆ ಸರಿಯಾಗಿದೆ. ಎರಡು ಮಾತು ಸೇರಿಸ್ತೀನಿ. ನೋವು ಹತ್ತರಲ್ಲಿ ಮೂರರವರೆಗೆ ಇದ್ದು, ಮಾರನೇ ದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದ್ರೆ ಆ ಹೊರೆ ಸರಿ. ಮಾರನೇ ಬೆಳಗ್ಗೆ ಮೆಟ್ಟಿಲು ಹೆಚ್ಚು ಕಷ್ಟ ಆದ್ರೆ ಇಳಿಸಿ. ಮಂಡಿಚಿಪ್ಪಿನ ನೋವಿಗೆ ಸೊಂಟದ ಸ್ನಾಯುಗಳ ಬಲ ಸಹಾಯ ಮಾಡುತ್ತೆ, ಆದ್ದರಿಂದ ಏಡಿ ನಡಿಗೆಯನ್ನ ಪೂರ್ತಿ ಬಯ್ಯಬೇಡಿ :) ಆದ್ರೆ ಸ್ನಾಯು "ನಿದ್ದೆ ಮಾಡ್ತಿದೆ" ಅನ್ನೋದು ಮಾತಿನ ಅಲಂಕಾರ. ನಿದ್ದೆ ಮಾಡ್ತಿದ್ರೆ ನೀವು ಕುರ್ಚಿಯಿಂದ ಏಳ್ತಿರಲಿಲ್ಲ. ಸೊಂಟ ಸ್ವಲ್ಪ ಮುಂದೆ ಬಾಗಿರೋದು ನೋವೇ ಇಲ್ಲದವರಲ್ಲೂ ಸಾಮಾನ್ಯ. ನೋವಿಲ್ಲದ ಟಕ್ ಸದ್ದಿಗೂ ಹೆದರಬೇಡಿ.

ಓಟ ಬಿಡಿ ಅಂತ ಯಾರಾದ್ರೂ ಹೇಳೋ ಮುಂಚೆ ಹೇಳಿಬಿಡ್ತೀನಿ: 2017ರ ಒಂದು ವಿಮರ್ಶೆಯಲ್ಲಿ ಹವ್ಯಾಸಕ್ಕೆ ಓಡೋರಲ್ಲಿ ಸೊಂಟ, ಮಂಡಿಯ ಸಂಧಿ ಸವೆತ ಶೇ. 3.5, ಓಡದೇ ಇರೋರಲ್ಲಿ ಶೇ. 10.2, ಸ್ಪರ್ಧೆಗೆ ಓಡೋರಲ್ಲಿ ಶೇ. 13.3 ಕಂಡುಬಂದಿದೆ. ಊತ, ಕಾಲು ಸಿಕ್ಕಿಹಾಕಿಕೊಳ್ಳೋದು, ಇದ್ದಕ್ಕಿದ್ದಂತೆ ಮಂಡಿ ಕುಸಿಯೋದು, ರಾತ್ರಿ ನಿದ್ದೆ ಕೆಡಿಸೋ ನೋವು, ಜ್ವರ, ಇವುಗಳಲ್ಲಿ ಯಾವುದೇ ಬಂದ್ರೂ ಇಲ್ಲಿ ಕೇಳ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಓಟದ_ಹುಚ್ಚ:

ಈಗಷ್ಟೇ ಅಳೆದೆ. ಎಡ 12, ಬಲ ಐದೂವರೆ. ಮೂರು ಸಲ ಅಳೆದೆ, ನಂಬಿಕೆ ಬರಲಿಲ್ಲ. ಹಿಡಿಯೋದು ಹಿಂದೆನೇ. ಬಲಗಾಲು ಉಳುಕಿದ್ದು ಆರು ವರ್ಷದ ಹಿಂದೆ, ಅದನ್ನ ಮೂವರಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎರಡು ಹಿಮ್ಮಡಿ ಅಡಿ ಪ್ಲೇಟ್ ಇಟ್ಟು ಖಾಲಿ ಕೈಯಲ್ಲಿ ಕೂತೆ, ವಾಲೋದು ಮುಕ್ಕಾಲು ಪಾಲು ಹೋಯ್ತು! ಹದಿನಾಲ್ಕರಲ್ಲಿ ಏಡಿ ನಡಿಗೆ ಒಂದನ್ನ ಇಟ್ಕೊಂಡು ಮಿಕ್ಕಿದ್ದು ಬಿಡ್ತೀನಿ. ರೋಲರ್ ಮಾತ್ರ ಹಿತ ಅನ್ನಿಸುತ್ತೆ.

ಹಳೇ_ರಾಕೆಟ್:

ಹಿತ ಅನ್ನಿಸಿದ್ರೆ ಎರಡು ನಿಮಿಷ ಉರುಳಾಡಿ, ಯಾರೂ ಬೇಡ ಅನ್ನಲ್ಲ. ಆ ಸಡಿಲ ಸ್ವಲ್ಪ ಹೊತ್ತಿನದು, ಅಷ್ಟರೊಳಗೆ ಭಾರದ ಹತ್ತಿರ ಹೋಗಿ. ಅಳತೆ ದಿನಾ ಬೇಡ, ಎರಡು ವಾರಕ್ಕೊಮ್ಮೆ, ಅದೇ ಗೋಡೆ, ಅದೇ ಹೊತ್ತು.

ಓಟದ_ಹುಚ್ಚ (ಏಳು ವಾರದ ನಂತರ):

ಬಲ ಏಳೂಕಾಲು. ಮೆಟ್ಟಿಲು ಇಳಿಯೋವಾಗ ನೋವು ಇದೆ, ಆದ್ರೆ ಕಂಬಿ ಹಿಡಿಯೋದು ಬಿಟ್ಟಿದ್ದೀನಿ. ತೆಳು ಪ್ಲೇಟ್ ಮೇಲೆ ನಿಂತು 60 ಕೆ.ಜಿ. ಐದು ಸಲ ಎತ್ತಿದೆ, ಮಾರನೇ ದಿನ ಏನೂ ಆಗಲಿಲ್ಲ. ಇಳಿಜಾರಿನಲ್ಲಿ ಓಡೋಕೆ ಹೋಗಿ ಒಂದು ವಾರ ಹಿಂದೆ ಬಿದ್ದೆ, ಅದು ನನ್ನದೇ ಅವಸರ. ಈಗ ಸಮತಟ್ಟಾದ ಕಡೆ ಮಾತ್ರ.

ಹಳೇ_ರಾಕೆಟ್:

ಏಳು ವಾರಕ್ಕೆ ಒಂದೂಮುಕ್ಕಾಲು! ನನಗೆ ಅಷ್ಟು ದಿನದಲ್ಲಿ ಒಂದೂ ಆಗಿರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು. ಇಳಿಜಾರಿಗೆ ಹೋಗೋ ಮುಂಚೆ ಆ 15 ಸೆಂ.ಮೀ. ಮೆಟ್ಟಿಲನ್ನ 20 ಮಾಡಿ ನೋಡಿ, ಏನಾಯ್ತು ಅಂತ ಬರೀರಿ.